ಸರ್‌ನೇಮ್ ಡಿಸೋಜ, ಪಿಂಟೊ ಆದರೆ ಮೈಯಲ್ಲಿ ಪೋರ್ಚುಗೀಸ್ ರಕ್ತವೇ? ಡಿಎನ್‌ಎ ಏನು ಹೇಳುತ್ತದೆ?

ಪುತ್ತೂರು, ಸುಳ್ಯ, ಕಡಬ ಕಡೆಯಲ್ಲಿ ಡಿಸೋಜ, ಪಿಂಟೊ, ಲೋಬೊ, ರೊಡ್ರಿಗಸ್, ವೇಗಸ್ ಎಂಬ ಸರ್‌ನೇಮ್ ಇರುವ ಮನೆಗಳು ಬೇಕಾದಷ್ಟಿವೆ. ಅಡಿಕೆ ತೋಟ ಮಾಡುವವರು, ಶಾಲೆಯಲ್ಲಿ ಪಾಠ ಹೇಳುವವರು, ಪೇಟೆಯಲ್ಲಿ ಅಂಗಡಿ ಇಟ್ಟವರು, ಎಲ್ಲರೂ ಇದ್ದಾರೆ. ಇವರ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಮಾತು ಓಡಾಡುತ್ತದೆ. ಒಂದು, "ಇವರೆಲ್ಲ ಪೋರ್ಚುಗೀಸರ ಮಕ್ಕಳು, ಹೊರಗಿನವರು" ಎಂಬುದು. ಇನ್ನೊಂದು, "ನಿಮ್ಮ ಸರ್‌ನೇಮ್ ಪೋರ್ಚುಗೀಸ್ ಆಗಿದ್ದರೆ ಯುರೋಪಿನ ಪಾಸ್‌ಪೋರ್ಟ್ ಸಿಗುತ್ತದೆ" ಎಂಬುದು. ಮೊದಲನೆಯದು ಚುಚ್ಚುಮಾತು, ಎರಡನೆಯದು ಆಸೆಯ ಮಾತು. ಎರಡರ ಬುಡದಲ್ಲಿರುವ ತಪ್ಪು ಮಾತ್ರ ಒಂದೇ: ಹೆಸರು ಎಲ್ಲಿಂದ ಬಂತೋ ರಕ್ತವೂ ಅಲ್ಲಿಂದಲೇ ಬಂದಿದೆ ಎಂಬ ನಂಬಿಕೆ.

ಇದು ನಿಜವೇ? ನೋಡೋಣ.

ಹೆಸರುಗಳು ಪೋರ್ಚುಗಲ್‌ನವೇ

ಹೆಸರುಗಳ ಮೂಲದ ಬಗ್ಗೆ ಅನುಮಾನವಿಲ್ಲ. ಸೋಜ ಅಥವಾ ಸೌಜ ಎಂಬುದು ಉತ್ತರ ಪೋರ್ಚುಗಲ್‌ನ ಒಂದು ನದಿಯ ಹೆಸರು. ಅದರ ಹಿಂದೆ ಸೇರುವ 'ಡಿ' ಎಂದರೆ 'ಅಲ್ಲಿಯ' ಎಂದರ್ಥ. ಪಿಂಟೊ ಎಂದರೆ ಕೋಳಿಮರಿ, ಲೋಬೊ ಎಂದರೆ ತೋಳ, ಪಿರೇರ ಎಂದರೆ ಪೇರ್ ಹಣ್ಣಿನ ಮರ, ಮಚಾದೊ ಎಂದರೆ ಕೊಡಲಿ. ರೊಡ್ರಿಗಸ್ ಎಂದರೆ ರೊಡ್ರಿಗೊನ ಮಗ, ಫೆರ್ನಾಂಡಿಸ್ ಎಂದರೆ ಫೆರ್ನಾಂಡೊನ ಮಗ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು, ಅಡ್ಡಹೆಸರುಗಳಿಂದ ಸರ್‌ನೇಮ್ ಹುಟ್ಟಿದ ಹಾಗೆಯೇ ಅಲ್ಲಿಯೂ ಹುಟ್ಟಿವೆ.

ಆದರೆ ನದಿಯ ಹೆಸರು ಬಂತು ಎಂದರೆ ಆ ನದಿಯ ದಂಡೆಯ ಮನುಷ್ಯನೇ ಬಂದ ಎಂದಾಗುವುದಿಲ್ಲ.

ಹೆಸರು ಬಂದದ್ದು ದೀಕ್ಷಾಸ್ನಾನದಲ್ಲಿ

1510ರಲ್ಲಿ ಅಫೊನ್ಸೊ ದ ಅಲ್ಬುಕರ್ಕ್ ಗೋವಾವನ್ನು ವಶಪಡಿಸಿಕೊಂಡ. ಮುಂದಿನ ದಶಕಗಳಲ್ಲಿ ಅಲ್ಲಿ ದೊಡ್ಡ ಪ್ರಮಾಣದ ಮತಾಂತರ ನಡೆಯಿತು. 1560ರಲ್ಲಿ ಗೋವಾದಲ್ಲಿ ಇನ್‌ಕ್ವಿಸಿಷನ್ ಎಂಬ ಧಾರ್ಮಿಕ ವಿಚಾರಣಾ ನ್ಯಾಯಾಲಯ ಸ್ಥಾಪನೆಯಾಯಿತು. ಬೇರೆ ಬೇರೆ ಜಾತಿಗಳ ಕೊಂಕಣಿ ಕುಟುಂಬಗಳು ಕ್ರೈಸ್ತರಾದವು.

ದೀಕ್ಷಾಸ್ನಾನದ ಹೊತ್ತಿಗೆ ಹೊಸ ಹೆಸರು ಇಡಬೇಕಿತ್ತು. ಸಾಮಾನ್ಯವಾಗಿ ದೀಕ್ಷೆ ಕೊಟ್ಟ ಪಾದ್ರಿಯ ಸರ್‌ನೇಮ್, ಇಲ್ಲವೇ ಜ್ಞಾನಪಿತನಾಗಿ ನಿಂತ ಪೋರ್ಚುಗೀಸ್ ಅಧಿಕಾರಿಯ ಸರ್‌ನೇಮ್ ಆ ಮನೆಗೆ ಅಂಟಿಕೊಳ್ಳುತ್ತಿತ್ತು. ಹೀಗಾಗಿ ರಕ್ತಸಂಬಂಧವೇ ಇಲ್ಲದ ಹತ್ತು ಮನೆಗಳಿಗೆ ಒಂದೇ ಹೆಸರು ಬಂದದ್ದುಂಟು. ಒಂದೇ ಮೂಲದ ಕುಟುಂಬಗಳಿಗೆ ಬೇರೆ ಬೇರೆ ಹೆಸರು ಬಂದದ್ದೂ ಉಂಟು. ಪಾದ್ರಿಗಳಿಗೆ ಮದುವೆಯಿಲ್ಲ. ಅವರ ಹೆಸರು ಸಾವಿರಾರು ಮನೆಗಳಲ್ಲಿ ಉಳಿದದ್ದು ಪೋರ್ಚುಗೀಸ್ ಸಂತತಿಯ ಗುರುತಲ್ಲ, ದೀಕ್ಷೆಯ ಗುರುತು.

ಮುಂದೆ ಗೋವಾದಿಂದ ಅನೇಕ ಕುಟುಂಬಗಳು ತೆಂಕಣಕ್ಕೆ, ಕೆನರಾ ಕರಾವಳಿಗೆ ಬಂದವು. ಇನ್‌ಕ್ವಿಸಿಷನ್‌ನ ಭಯ, ಕ್ಷಾಮ, ರೋಗರುಜಿನ, 1683ರ ಮರಾಠಾ ದಾಳಿಯಂತಹ ಯುದ್ಧಗಳು ಇದಕ್ಕೆ ಕಾರಣ. ಒಳ್ಳೆಯ ಬೇಸಾಯಗಾರರೆಂದು ಕೆಳದಿ ನಾಯಕರು ಅವರಿಗೆ ನೆಲೆ ಕೊಟ್ಟರು. ಇಂದು ಪುತ್ತೂರು, ಸುಳ್ಯ, ಕಡಬದಲ್ಲಿರುವ ಕೊಂಕಣಿ ಕ್ಯಾಥೋಲಿಕ್ ಕುಟುಂಬಗಳ ಹಿನ್ನೆಲೆ ಹೆಚ್ಚಾಗಿ ಇದೇ.

ಹಳೆಯ ಹೆಸರುಗಳು ಪೂರ್ತಿ ಅಳಿಸಿಹೋಗಲೂ ಇಲ್ಲ. ಪ್ರಭು, ಕಾಮತ್, ಪೈ, ಶೇಟ್, ನಾಯಕ್ ಎಂಬ ಮೂಲ ಮನೆತನದ ಹೆಸರನ್ನು ನೆನಪಿಟ್ಟುಕೊಂಡ ಕ್ಯಾಥೋಲಿಕ್ ಕುಟುಂಬಗಳು ಈಗಲೂ ಇವೆ. ಈ ಸಮುದಾಯದ ಇತಿಹಾಸ ಬರೆದ ಅಲನ್ ಮಚಾದೊ ತಮ್ಮ ಹೆಸರಿನ ಜೊತೆ 'ಪ್ರಭು' ಎಂದೂ ಸೇರಿಸಿಕೊಂಡಿದ್ದಾರೆ.

ಡಿಎನ್‌ಎ ಪರೀಕ್ಷೆಯಲ್ಲಿ ಕಂಡದ್ದೇನು?

ಇತಿಹಾಸದ ಮಾತು ಬೇಡ, ವಿಜ್ಞಾನ ಏನೆನ್ನುತ್ತದೆ ಎಂದು ಕೇಳುವವರಿಗೂ ಉತ್ತರವಿದೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕೆ. ತಂಗರಾಜ್, ಮಂಗಳೂರು ವಿಶ್ವವಿದ್ಯಾನಿಲಯದ ಮೊಹಮ್ಮದ್ ಮುಸ್ತಾಕ್ ಮೊದಲಾದ ವಿಜ್ಞಾನಿಗಳು ಗೋವಾ, ಕುಮಟಾ ಮತ್ತು ಮಂಗಳೂರಿನ 110 ರೋಮನ್ ಕ್ಯಾಥೋಲಿಕರ ಡಿಎನ್‌ಎ ಪರಿಶೀಲಿಸಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಮುಖ್ಯವಾಗಿ ಕಂಡದ್ದು ಇಷ್ಟು:

• ತಾಯಿಯಿಂದ ಬರುವ ಮೈಟೊಕಾಂಡ್ರಿಯಾ ಡಿಎನ್‌ಎ ಹೆಚ್ಚಿನವರಲ್ಲಿ ಭಾರತದ ಮೂಲದ್ದೇ.

• ತಂದೆಯಿಂದ ಗಂಡುಮಕ್ಕಳಿಗೆ ಬರುವ ವೈ ಕ್ರೋಮೋಸೋಮ್‌ನಲ್ಲಿ ಆರ್1ಎ ಎಂಬ ಗುಂಪು ಹೆಚ್ಚಾಗಿತ್ತು.

• ಒಟ್ಟು ಡಿಎನ್‌ಎ ನೋಡಿದರೆ ಇವರು ಹತ್ತಿರವಿರುವುದು ಭಾರತದ ಇಂಡೋ-ಯುರೋಪಿಯನ್ ಭಾಷೆಯಾಡುವ ಸಮುದಾಯಗಳಿಗೆ, ಅದರಲ್ಲೂ ಬ್ರಾಹ್ಮಣ ಸಮುದಾಯಗಳಿಗೆ.

ಆರ್1ಎ ಗುಂಪು ಪೂರ್ವ ಯುರೋಪಿನಲ್ಲೂ ಸಾಮಾನ್ಯ. ಅದನ್ನು ನೋಡಿ "ಕಂಡಿರಾ, ಯುರೋಪಿನ ರಕ್ತ!" ಎನ್ನುವವರಿದ್ದಾರೆ. ಇದು ತಪ್ಪು. ಭಾರತದಲ್ಲಿ ಈ ಗುಂಪು ಪೋರ್ಚುಗೀಸರು ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಇತ್ತು. ಪೋರ್ಚುಗಲ್‌ನಲ್ಲಿಯೇ ಅದು ಅಪರೂಪ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡಸರಲ್ಲಿರುವುದು ಆರ್1ಬಿ ಎಂಬ ಬೇರೆ ಗುಂಪು.

ಹಾಗಾದರೆ ಹೊರಗಿನ ಬೆರಕೆ ಏನೂ ಇಲ್ಲವೇ? ಇದೆ. ಯಹೂದಿ ಮೂಲದ ಒಂದು ಸಣ್ಣ ಗುರುತು ಈ ಅಧ್ಯಯನದಲ್ಲಿ ಕಾಣಿಸಿತು. ಇನ್‌ಕ್ವಿಸಿಷನ್ ಕಾಲದಲ್ಲಿ ಅಥವಾ ಆಮೇಲೆ ಗೋವಾದಲ್ಲಿ ಆದ ಬೆರಕೆ ಇದಾಗಿರಬಹುದು ಎಂಬುದು ವಿಜ್ಞಾನಿಗಳ ಅಂದಾಜು. ಗೋವಾದಲ್ಲಿ ಪೋರ್ಚುಗೀಸ್ ಗಂಡಸರು ಸ್ಥಳೀಯ ಹೆಣ್ಣುಮಕ್ಕಳನ್ನು ಮದುವೆಯಾದದ್ದೂ ನಿಜ. ಅಲ್ಬುಕರ್ಕ್ ಅದನ್ನು ಪ್ರೋತ್ಸಾಹಿಸಿದ್ದ. ಆದರೆ ಅಂತಹ ಕುಟುಂಬಗಳು ಒಂದು ಚಿಕ್ಕ ಗುಂಪು. ಪೋರ್ಚುಗೀಸ್ ಹೆಸರಿಟ್ಟುಕೊಂಡ ಲಕ್ಷಾಂತರ ಜನರ ಮೂಲ ಅದಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 110 ಜನರ ಅಧ್ಯಯನ ಒಂದು ಸಮುದಾಯದ ಸರಾಸರಿ ಚಿತ್ರ ಕೊಡುತ್ತದೆ. ನಿಮ್ಮ ಪಕ್ಕದ ಮನೆಯವರ ಮೂಲ ಜಾತಿ ಯಾವುದೆಂದು ಅದು ಹೇಳುವುದಿಲ್ಲ. "ಇವರು ಪೋರ್ಚುಗೀಸರು" ಎಂಬ ಫಾರ್ವರ್ಡ್ ತಪ್ಪಾದರೆ, "ಇವರೆಲ್ಲ ಇಂಥದ್ದೇ ಜಾತಿಯವರು" ಎಂಬ ಫಾರ್ವರ್ಡ್ ಕೂಡ ಅಷ್ಟೇ ತಪ್ಪು.

ಸರ್‌ನೇಮ್ ಹಿಡಿದಿರುವುದು ಒಂದೇ ಒಂದು ಎಳೆಯನ್ನು

ಸ್ವಲ್ಪ ಲೆಕ್ಕ ಹಾಕಿ. ನಿಮಗೆ ಇಬ್ಬರು ತಂದೆತಾಯಿ, ನಾಲ್ವರು ಅಜ್ಜ-ಅಜ್ಜಿಯರು, ಅವರ ಹಿಂದೆ ಎಂಟು ಜನ. ಹೀಗೆ ಹತ್ತು ತಲೆಮಾರು ಹಿಂದೆ ಹೋದರೆ ಆ ಸಾಲಿನಲ್ಲಿ 1024 ಸ್ಥಾನಗಳಿರುತ್ತವೆ. ತಂದೆಯ ಕಡೆಯಿಂದ ಬರುವ ಸರ್‌ನೇಮ್ ಅವರಲ್ಲಿ ಒಬ್ಬನನ್ನು ಮಾತ್ರ ತೋರಿಸುತ್ತದೆ. ಉಳಿದ 1023 ಸ್ಥಾನಗಳ ಬಗ್ಗೆ ಅದು ಮೌನ. ಇಷ್ಟು ಹಿಂದೆ ಹೋದಾಗ ಆ ಪೂರ್ವಜರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಡಿಎನ್‌ಎಯ ಒಂದು ತುಣುಕೂ ನಿಮ್ಮಲ್ಲಿ ಉಳಿದಿರುವುದಿಲ್ಲ.

ಬ್ರಿಟನ್‌ನಲ್ಲಿ ಸರ್‌ನೇಮ್ ಮತ್ತು ವೈ ಕ್ರೋಮೋಸೋಮ್ ಹೋಲಿಸಿ ನೋಡಿದ ಅಧ್ಯಯನಗಳಿವೆ. ಅಪರೂಪದ ಸರ್‌ನೇಮ್ ಇರುವ ಗಂಡಸರಲ್ಲಿ ಒಂದೇ ಮೂಲಪುರುಷನ ಗುರುತು ಹಲವು ಸಲ ಸಿಕ್ಕಿತು. ಸ್ಮಿತ್‌ನಂತಹ ಸಾಮಾನ್ಯ ಸರ್‌ನೇಮ್‌ಗಳಲ್ಲಿ ಸಿಗಲಿಲ್ಲ. ಸ್ಮಿತ್ ಎಂದರೆ ಕಮ್ಮಾರ, ಊರೂರಿಗೂ ಕಮ್ಮಾರರಿದ್ದರು. ನಮ್ಮ ಡಿಸೋಜ ಈ ವಿಷಯದಲ್ಲಿ ಸ್ಮಿತ್‌ನ ಹಾಗೆ. ಹಲವು ಕಡೆ, ಹಲವು ಮನೆಗಳಿಗೆ, ಬೇರೆ ಬೇರೆಯಾಗಿ ಬಂದ ಹೆಸರು.

ತುಳುನಾಡಿನವರಿಗೆ ಇದು ಅರ್ಥವಾಗುವುದು ಸುಲಭ. ಬಂಟರು, ಬಿಲ್ಲವರು ಮೊದಲಾದ ಅಳಿಯಸಂತಾನದ ಸಮುದಾಯಗಳಲ್ಲಿ ಬರಿ ಬರುವುದು ತಾಯಿಯಿಂದ. ಮೈಟೊಕಾಂಡ್ರಿಯಾ ಡಿಎನ್‌ಎ ಬರುವ ದಾರಿಯೂ ಅದೇ. ಅದೇ ಮನೆಯ ಹುಡುಗನ ಹೆಸರಿನ ಕೊನೆಯಲ್ಲಿ ಈಗ ತಂದೆಯ ಕಡೆಯ ರೈ ಅಥವಾ ಶೆಟ್ಟಿ ಇರಬಹುದು. ಒಬ್ಬನೇ ಮನುಷ್ಯ, ಬರಿ ಒಂದು ದಾರಿ ತೋರಿಸುತ್ತದೆ, ಸರ್‌ನೇಮ್ ಇನ್ನೊಂದು ದಾರಿ ತೋರಿಸುತ್ತದೆ. ಯಾವುದೂ ಸುಳ್ಳಲ್ಲ, ಯಾವುದೂ ಪೂರ್ತಿಯೂ ಅಲ್ಲ.

ಗೌಡ ಎಂಬ ಹೆಸರನ್ನೇ ನೋಡಿ. ಸುಳ್ಯದ ಅರೆಭಾಷೆ ಗೌಡರೂ ಗೌಡರು, ಮಂಡ್ಯದ ಒಕ್ಕಲಿಗರೂ ಗೌಡರು, ಉತ್ತರ ಕರ್ನಾಟಕದ ಲಿಂಗಾಯತರಲ್ಲೂ ಗೌಡರಿದ್ದಾರೆ. ಊರಿನ ಮುಖ್ಯಸ್ಥನಿಗಿದ್ದ ಬಿರುದು ಹೆಸರಾಗಿ ಉಳಿದದ್ದು ಅದು. ಕಡಬ, ನೆಲ್ಯಾಡಿ ಕಡೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತರಲ್ಲಿ ವರ್ಗೀಸ್, ಚಾಕೊ, ಮತ್ತಾಯಿ ಎಂಬ ಹೆಸರುಗಳಿವೆ. ಇವು ಜಾರ್ಜ್, ಜೇಕಬ್, ಮ್ಯಾಥ್ಯೂ ಹೆಸರುಗಳ ಮಲಯಾಳಿ ರೂಪ. ವರ್ಗೀಸ್ ಹೆಸರಿನ ಬೇರು ಗ್ರೀಕ್ ಭಾಷೆಯಲ್ಲಿದೆ ಎಂದು ಆ ಮನೆಯವರನ್ನು ಯಾರೂ ಗ್ರೀಕರು ಎನ್ನುವುದಿಲ್ಲ.

ಗೇರು ಬೀಜ ಬಂದ ಹಾಗಲ್ಲ

ಪೋರ್ಚುಗೀಸರ ಹಡಗಿನಲ್ಲಿ ಬಂದ ಎರಡು ಬಗೆಯ ವಸ್ತುಗಳನ್ನು ಬೇರೆ ಮಾಡಿ ನೋಡಬೇಕು. ಗೇರು ಮರ ಬ್ರೆಜಿಲ್‌ನದು. 16ನೇ ಶತಮಾನದಲ್ಲಿ ಅದರ ಬೀಜವೇ ಇಲ್ಲಿಗೆ ಬಂತು. ಆದ್ದರಿಂದ ಕರಾವಳಿಯ ಗೇರು ಮರದ ವಂಶ ಬ್ರೆಜಿಲ್‌ನದೇ. ಗೇರು ಬೆಳೆಯ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇರುವುದು ನಮ್ಮ ಪುತ್ತೂರಿನಲ್ಲಿಯೇ. ಆದರೆ ಮೇಜು, ಜನೇಲು, ಬಟಾಟೆ, ಚಾವಿ, ಪಾದ್ರಿ ಎಂಬ ಮಾತುಗಳೂ ಪೋರ್ಚುಗೀಸರಿಂದ ಬಂದವೇ. ಇಲ್ಲಿಯ ಹಲಸಿನ ಮರ ಕೊಯ್ದು ಮಾಡಿದ ಮೇಜು, ಹೆಸರು ಮೇಜು ಎಂದಾದ ಮಾತ್ರಕ್ಕೆ ಲಿಸ್ಬನ್‌ನ ಮರವಾಗುವುದಿಲ್ಲ. ಪುತ್ತೂರಿನ ಮಾಯಿದೆ ದೇವುಸ್ ಚರ್ಚಿನ ಹೆಸರೂ ಪೋರ್ಚುಗೀಸ್, 'ದೇವಮಾತೆ' ಎಂದು ಅರ್ಥ. ಡಿಸೋಜ ಬಂದದ್ದು ಗೇರು ಬೀಜದ ಹಾಗಲ್ಲ, ಮೇಜು ಎಂಬ ಮಾತಿನ ಹಾಗೆ.

ಪಾಸ್‌ಪೋರ್ಟ್ ಮೆಸೇಜ್ ನಂಬಿ ಹಣ ಕಟ್ಟಬೇಡಿ

ಗೋವಾದವರಿಗೆ ಪೋರ್ಚುಗೀಸ್ ಪೌರತ್ವ ಸಿಗುವುದನ್ನು ಕೇಳಿರಬಹುದು. ಅದಕ್ಕೆ ಆಧಾರ ಸರ್‌ನೇಮ್ ಅಲ್ಲ, ಡಿಎನ್‌ಎ ಪರೀಕ್ಷೆಯೂ ಅಲ್ಲ. ಗೋವಾ, ದಮನ್, ದಿಯು ಭಾರತಕ್ಕೆ ಸೇರಿದ 1961ರ ಡಿಸೆಂಬರ್ 19ಕ್ಕೆ ಮೊದಲು ಅಲ್ಲಿ ಹುಟ್ಟಿದವರು ಮತ್ತು ಅವರ ಹತ್ತಿರದ ಸಂತತಿಯವರು ಜನನ ದಾಖಲೆಯ ಮೇಲೆ ಕೇಳುವ ಹಕ್ಕು ಅದು. ಗೋವಾದಲ್ಲಿ ಹುಟ್ಟಿದ ಹಿಂದೂ, ಮುಸ್ಲಿಮರಿಗೂ ಅದೇ ನಿಯಮ. ಪುತ್ತೂರು, ಸುಳ್ಯ, ಕಡಬ ಎಂದೂ ಪೋರ್ಚುಗೀಸ್ ಆಡಳಿತದಲ್ಲಿ ಇರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ಮನೆಯವರಿಗೆ ಪಿಂಟೊ ಎಂಬ ಹೆಸರಿನಿಂದ ಆ ಹಕ್ಕು ಬರುವುದಿಲ್ಲ. ಇನ್ನೊಂದು ವಿಷಯ: ಬೇರೆ ದೇಶದ ಪೌರತ್ವ ಪಡೆದರೆ ಭಾರತದ ಪೌರತ್ವ ಹೋಗುತ್ತದೆ. ನಮ್ಮ ಸಂವಿಧಾನದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ.

ಆನ್‌ಲೈನ್‌ನಲ್ಲಿ ಮಾರುವ ವಂಶಮೂಲ ಡಿಎನ್‌ಎ ಕಿಟ್‌ಗಳ ವಿಷಯದಲ್ಲೂ ಜಾಗ್ರತೆ ಇರಲಿ. ಕಂಪನಿಗಳು ನಿಮ್ಮ ಡಿಎನ್‌ಎಯನ್ನು ತಮ್ಮಲ್ಲಿರುವ ಮಾದರಿಗಳ ಜೊತೆ ಹೋಲಿಸಿ ಶೇಕಡಾವಾರು ಹೇಳುತ್ತವೆ. ಮಾದರಿಗಳು ಬದಲಾದರೆ ಉತ್ತರವೂ ಬದಲಾಗುತ್ತದೆ. ಶೇ 1, ಶೇ 2 ಎಂಬ ಅಂಕಿ ಬರೀ ಲೆಕ್ಕದ ಏರುಪೇರು ಆಗಿರಬಹುದು. ಅದನ್ನು ಹಿಡಿದು ಪೌರತ್ವ ಕೇಳಲಿಕ್ಕಾಗುವುದಿಲ್ಲ, ಯಾರನ್ನೂ ಹೊರಗಿನವರು ಎನ್ನಲಿಕ್ಕೂ ಆಗುವುದಿಲ್ಲ.

ತೀರ್ಮಾನ

ಸರ್‌ನೇಮ್ ಪೋರ್ಚುಗೀಸ್ ಎಂಬುದು ನಿಜ. ಆದ್ದರಿಂದ ರಕ್ತವೂ ಪೋರ್ಚುಗೀಸ್ ಎಂಬುದು ತಪ್ಪು. ಕರಾವಳಿಯ ಕ್ಯಾಥೋಲಿಕರ ಡಿಎನ್‌ಎಯ ಬಹುಪಾಲು ಭಾರತದ್ದೇ ಎಂದು ಅಧ್ಯಯನ ತೋರಿಸಿದೆ. ಅಂದಹಾಗೆ, ಊರಿನಲ್ಲಿ ಯಾರು ನಮ್ಮವರು ಎಂದು ತೀರ್ಮಾನಿಸಲು ಡಿಎನ್‌ಎ ವರದಿಯೂ ಬೇಕಾಗಿಲ್ಲ. ನಾಳೆ ಯಾರದ್ದೋ ವರದಿಯಲ್ಲಿ ನಿಜವಾಗಿಯೂ ಪೋರ್ಚುಗಲ್ ಕಾಣಿಸಿದರೂ ಅವರು ಈ ಊರಿನವರಲ್ಲದೆ ಹೋಗುವುದಿಲ್ಲ. ಇಂತಹ ಮೆಸೇಜ್ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಈ ವಿವರ ತಿಳಿಸಿ.