ತೊಟ್ಟಿಕ್ಕುವ ಗೀಸರೂ ಕಸಿದುಕೊಂಡ ಪೀರಿಯಡ್ಡೂ



ಕಳೆದ ವಾರ ನಮ್ಮ ಬಚ್ಚಲುಮನೆಯ ಗೀಸರು ತೊಟ್ಟಿಕ್ಕತೊಡಗಿತು. ರಿಪೇರಿಗೆ ಬಂದ ಪ್ಲಂಬರ್ ಒಮ್ಮೆ ಕತ್ತೆತ್ತಿ ನೋಡಿ, “ಟ್ಯಾಂಕೇ ಹೋಗಿದೆ ಮೇಷ್ಟ್ರೇ, ಹೊಸದು ಹಾಕಿಸಿಬಿಡಿ” ಎಂದರು. ಎಂಜಿನಿಯರಾದ ನನ್ನ ಮಗನೂ ದೂರವಾಣಿಯಲ್ಲಿ, “ಹಾಕಿಸಿಬಿಡಿ ಅಪ್ಪ, ಈ ವಯಸ್ಸಿನಲ್ಲಿ ಯಾಕೆ ತಲೆನೋವು” ಎಂದ. ನೀರು ಎಲ್ಲಿಂದ ಬರುತ್ತಿದೆ ಎಂದು ಇಬ್ಬರೂ ಕೇಳಲಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ.

ಮೇನ್ ಸ್ವಿಚ್ ಆರಿಸಿ, ನೀರು ತಣ್ಣಗಾಗುವವರೆಗೆ ಬಿಟ್ಟು, ಕೊಳವೆಗಳನ್ನೆಲ್ಲ ಒರೆಸಿ, ಪ್ರತಿ ಜೋಡಣೆಗೂ ಒಂದು ಕಾಗದದ ಚೂರು ಸುತ್ತಿ ಕಾದೆ. ಹತ್ತು ನಿಮಿಷದಲ್ಲಿ ಒದ್ದೆಯಾದದ್ದು ಒಂದೇ ಕಾಗದ. ಬಿಸಿನೀರು ಹೊರಬರುವ ಕನೆಕ್ಷನ್ ಪೈಪಿನ ನಟ್ಟಿನ ಬಳಿಯದು. ಟ್ಯಾಂಕಿನ ತಳ ಒಣಗಿಯೇ ಇತ್ತು. ಒಳಬರುವ ನೀರನ್ನು ನಿಲ್ಲಿಸಿ, ಬಿಸಿನೀರಿನ ನಲ್ಲಿ ತಿರುಗಿಸಿ ಒತ್ತಡವಿಳಿಸಿ ನಟ್ಟು ಬಿಚ್ಚಿದರೆ, ಒಳಗಿನ ರಬ್ಬರ್ ವಾಷರ್ ಬಿಸಿಗೆ ಗಟ್ಟಿಯಾಗಿ ಸೀಳಿತ್ತು. ಹೊಸ ವಾಷರ್ ಇಟ್ಟು ಕೈಯಲ್ಲಿ ಬಿಗಿದು, ಸ್ಪ್ಯಾನರಿನಿಂದ ಕಾಲು ಸುತ್ತಷ್ಟೇ ತಿರುಗಿಸಿದೆ. ಟ್ಯಾಂಕು ತುಂಬಿ ನಲ್ಲಿಯಲ್ಲಿ ನೀರು ಬಂದ ಮೇಲೆಯೇ ಸ್ವಿಚ್ ಹಾಕಿದೆ. ಖರ್ಚು ಕೆಲವೇ ರೂಪಾಯಿ.

ಇದೇನೂ ಸಾಹಸವಲ್ಲ. ಟ್ಯಾಂಕೇ ತೂತುಬಿದ್ದು ಜಿನುಗುತ್ತಿದ್ದರೆ ಪ್ಲಂಬರ್ ಹೇಳಿದ್ದೇ ಸರಿಯಾಗುತ್ತಿತ್ತು. ನೀರು ಕಾಯುವಾಗ ಸೇಫ್ಟಿ ವಾಲ್ವಿನಿಂದ ನಾಲ್ಕು ಹನಿ ಬಿದ್ದರೆ ಅದು ರೋಗವೇ ಅಲ್ಲ. 15 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಸುಮಾರು 200 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ದ್ರವಗಳ ವ್ಯಾಕೋಚನದ ಬಗ್ಗೆ ಬರೆದು ನೀವೆಲ್ಲ ಅಂಕ ಗಳಿಸಿದ್ದೀರಿ. ಗೀಸರಿನ ಕೆಳಗೆ ನಿಂತು, ಬೀಳುತ್ತಿರುವ ಹನಿ ನಿಯಮವೋ ದೋಷವೋ ಎಂದು ನಿಮ್ಮಲ್ಲಿ ಎಷ್ಟು ಮಂದಿ ಹೇಳಬಲ್ಲಿರಿ?

ತಪ್ಪು ನಿಮ್ಮದಲ್ಲ. ಕೈಕಸುಬೇ ಶಿಕ್ಷಣದ ಕೇಂದ್ರವಾಗಬೇಕೆಂದು ಗಾಂಧೀಜಿ 1937ರಲ್ಲೇ ವಾರ್ಧಾದಲ್ಲಿ ಹೇಳಿದರು. 1964–66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಶಾಲಾ ಶಿಕ್ಷಣದ ಅಂಗವಾಗಿಸಿರೆಂದು ಶಿಫಾರಸು ಮಾಡಿತು. ನಮ್ಮ ಶಾಲೆಯ ವೇಳಾಪಟ್ಟಿಯಲ್ಲಿ ಅದಕ್ಕೊಂದು ಪೀರಿಯಡ್ಡೂ ಇತ್ತು. ಅದನ್ನು ಕಸಿದುಕೊಂಡು ಎಸ್ಸೆಸ್ಸೆಲ್ಸಿ ಪಾಠ ಮುಗಿಸಿದವನು ನಾನೇ. ಫಲಿತಾಂಶ ಚೆನ್ನಾಗಿ ಬಂತು, ಹಾರ ಹಾಕಿಸಿಕೊಂಡೆ. “ಓದದಿದ್ದರೆ ನಲ್ಲಿ ರಿಪೇರಿಗೆ ಹೋಗಬೇಕಾದೀತು” ಎಂದು ಗದರಿದವನೂ ನಾನೇ. ಕಸುಬೆಂದರೆ ಸೋತವರ ಪಾಲು ಎಂದು ತರಗತಿಯಲ್ಲೇ ಸಾರಿದ ಮೇಲೆ, ಅದನ್ನು ಹಿಡಿದ ಹುಡುಗನಿಗೆ ಅದರ ಮೇಲೆ ಅಭಿಮಾನ ಎಲ್ಲಿಂದ ಬಂದೀತು? ಅವನ ಅವಸರದಲ್ಲಿ ನನ್ನ ಪಾಲೂ ಇದೆ.

ಆದ್ದರಿಂದ ಪೋಷಕರಾಗಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಈ ಭಾನುವಾರ ಟ್ಯೂಷನ್ನಿನ ಒಂದು ಗಂಟೆಯನ್ನು ಕಸಿದುಕೊಳ್ಳಿ. ಅಡುಗೆಮನೆಯ ನಲ್ಲಿಯ ವಾಷರನ್ನು ಮಗನೂ ಮಗಳೂ ತಮ್ಮ ಕೈಯಿಂದಲೇ ಬದಲಿಸಲಿ. ನಾನು ತೀರಿಸದೆ ಉಳಿಸಿದ ಸಾಲವನ್ನು ನೀವಾದರೂ ಅಷ್ಟಷ್ಟಾಗಿ ತೀರಿಸಿರಿ.