ಸಕ್ಕರೆಯ ಸತ್ಕಾರ

ಮನೆಗೆ ಬಂದವರಿಗೆ ಸಕ್ಕರೆ ಕಡಿಮೆ ಹಾಕಿದ ಚಹಾ ಕೊಟ್ಟರೆ ಅದು ಅನಾದರವೆಂದೂ, ಪಂಕ್ತಿಯಲ್ಲಿ ಇನ್ನೊಂದು ಹೋಳಿಗೆಗೆ ಒತ್ತಾಯಿಸದಿದ್ದರೆ ಅದು ಜಿಪುಣತನವೆಂದೂ ನಮ್ಮ ಜನ ಭಾವಿಸಿದ್ದಾರೆ. ಒಲ್ಲೆನೆಂದವರ ಎಲೆಗೆ ಬಲವಂತದಿಂದ ಬಡಿಸುವುದನ್ನು ಪ್ರೀತಿಯ ಲಕ್ಷಣವೆಂದು ತಿಳಿದಿದ್ದಾರೆ. ಇದನ್ನು ನಾವು ಸತ್ಕಾರವೆಂದು ಒಪ್ಪಲಾರೆವು. ಮಿತಿಮೀರಿ ಸಕ್ಕರೆ ಉಣಿಸುವುದು ಉಪಚಾರದ ವೇಷ ತೊಟ್ಟ ಅಪಕಾರವೇ ಸರಿ.

ಸಕ್ಕರೆಯ ಪಕ್ಷ ವಹಿಸುವವರು ಮುಖ್ಯವಾಗಿ ಮೂರು ವಾದಗಳನ್ನು ಮುಂದಿಡುತ್ತಾರೆ. ದೋಷವೆಲ್ಲ ಎಣ್ಣೆ ತುಪ್ಪಗಳದು, ಸಕ್ಕರೆ ನಿರುಪದ್ರವಿ ಎಂಬುದು ಮೊದಲನೆಯ ವಾದ. ಇದಕ್ಕೆ ಬಲ ಬಂದ ಬಗೆಯನ್ನು ವಿಚಾರವಂತರು ಅರಿಯಬೇಕು. 1965ರಲ್ಲಿ ಅಮೆರಿಕೆಯ ಸಕ್ಕರೆ ಉದ್ಯಮದ ಸಂಶೋಧನಾ ಪ್ರತಿಷ್ಠಾನವು ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ವಾಂಸರಿಗೆ ಹಣವಿತ್ತು ಹೃದ್ರೋಗದ ಕುರಿತು ವಿಮರ್ಶೆಯೊಂದನ್ನು ಬರೆಯಿಸಿತು. 1967ರಲ್ಲಿ ಪ್ರಕಟವಾದ ಆ ಬರಹವು ಸಕ್ಕರೆಯ ಮೇಲಣ ಆಕ್ಷೇಪಗಳನ್ನು ಬದಿಗೆ ಸರಿಸಿ ಕೊಬ್ಬಿನ ಕಡೆಗೆ ಬೆರಳು ಮಾಡಿತು. ಹಣ ಎಲ್ಲಿಂದ ಬಂದಿತೆಂಬುದನ್ನು ಮಾತ್ರ ಹೇಳಲಿಲ್ಲ. ಹಳೆಯ ಪತ್ರವ್ಯವಹಾರದಿಂದ ಈ ಸಂಗತಿ ಬಯಲಾದದ್ದು 2016ರಲ್ಲಿ, ಅರ್ಧ ಶತಮಾನ ಕಳೆದ ಮೇಲೆ! ತುಪ್ಪವನ್ನು ಯಥೇಚ್ಛ ತಿನ್ನಬಹುದೆಂದು ಇದರ ಅರ್ಥವಲ್ಲ. ಸಾಕ್ಷಿಗೆ ಹಣ ಕೊಟ್ಟವನನ್ನು ಆತನ ಸಾಕ್ಷಿಯ ಮಾತಿನಿಂದಲೇ ನಿರ್ದೋಷಿಯೆಂದು ತೀರ್ಮಾನಿಸುವುದು ನ್ಯಾಯವಲ್ಲ, ಅಷ್ಟೆ.

ಬೆಲ್ಲಕ್ಕೆ ದೋಷವಿಲ್ಲ ಎಂಬುದು ಎರಡನೆಯ ವಾದ. ಬೆಲ್ಲದಲ್ಲಿ ಕೆಲವು ಖನಿಜಾಂಶಗಳಿರುವುದು ನಿಜ. ಆದರೆ ಅದರ ಬಹುಭಾಗ ಸಕ್ಕರೆಯೇ. ಸಕ್ಕರೆಯು ಕರುಳಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆಯುತ್ತದೆ. ಮೊದಲನೆಯದು ರಕ್ತಕ್ಕೆ ಸೇರಿ ಇನ್ಸುಲಿನ್ನಿಗೆ ಕೆಲಸ ಹಚ್ಚುತ್ತದೆ. ಎರಡನೆಯದು ಅತಿಯಾದಾಗ ಯಕೃತ್ತಿನಲ್ಲಿ ಕೊಬ್ಬಾಗಿ ಪರಿಣಮಿಸುತ್ತದೆ. ಬಾಯಲ್ಲಿ ಉಳಿದ ಅಂಶವನ್ನು ಸೂಕ್ಷ್ಮಾಣುಗಳು ಆಮ್ಲವನ್ನಾಗಿ ಮಾಡಿ ಹಲ್ಲನ್ನು ಸವೆಸುತ್ತವೆ. ಬಣ್ಣ ಕಂದಾದ ಮಾತ್ರಕ್ಕೆ ಈ ಕ್ರಿಯೆ ನಿಲ್ಲುವುದಿಲ್ಲ.

ಮೂರನೆಯ ವಾದವನ್ನು ನಾವು ಲಘುವಾಗಿ ಕಾಣುವುದಿಲ್ಲ. ಬೆಳಗಾವಿ, ಮಂಡ್ಯಗಳ ಕಬ್ಬಿನ ರೈತರ ಗತಿಯೇನು ಎಂಬ ಪ್ರಶ್ನೆ ಸಹಜವಾದುದೇ. ಆದರೆ ಕಬ್ಬಿನಿಂದ ಸಕ್ಕರೆಯೊಂದೇ ಬರುವುದಿಲ್ಲ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಕೂಡ ಬರುತ್ತದೆ. ರೈತನಿಗೆ ನ್ಯಾಯವಾದ ಬೆಲೆ ಸಕಾಲದಲ್ಲಿ ಸಿಗಬೇಕಾದದ್ದು ಕಾರ್ಖಾನೆಯಿಂದ, ಸರ್ಕಾರದ ರಕ್ಷಣೆಯಿಂದ. ಅದನ್ನು ಆತನ ಮಕ್ಕಳ ಆರೋಗ್ಯದಿಂದ ತೆರಿಸುವುದು ಯಾವ ಧರ್ಮ?

ಮಧುಮೇಹಕ್ಕೆ ಸಕ್ಕರೆಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ವಂಶ, ಮೈಭಾರ, ದುಡಿಮೆಯಿಲ್ಲದ ಜೀವನಗಳೂ ಅದಕ್ಕೆ ಕಾರಣ. ಆದರೆ ಅತಿ ಸಿಹಿಯು ಮೈಭಾರ ಹೆಚ್ಚಿಸಿ ರೋಗಕ್ಕೆ ದಾರಿ ಮಾಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆ. ಆಹಾರದ ಒಟ್ಟು ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯಂಥವುಗಳ ಪಾಲು ನೂರಕ್ಕೆ 10ನ್ನು ಮೀರಬಾರದು, 5ಕ್ಕಿಂತ ಕಡಿಮೆಯಾದರೆ ಇನ್ನೂ ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತಿಳಿಸಿತು. ಈ ಎರಡನೆಯ ಮಿತಿ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಹಾ ಚಮಚ. ಎರಡೆರಡು ಚಮಚ ಸಕ್ಕರೆಯ ನಾಲ್ಕು ಕಪ್ ಚಹಾ ಕುಡಿದವನು ಊಟಕ್ಕೆ ಕೂಡುವ ಮೊದಲೇ ಅದನ್ನು ದಾಟಿರುತ್ತಾನೆ.

ಜಾತ್ರೆಯ ಗೋಧಿ ಹುಗ್ಗಿಯನ್ನೂ ಮಾದಲಿಯನ್ನೂ ಬಿಡಿರೆಂದು ನಾವು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ಬರುವ ಹಬ್ಬ ಮನೆ ಕೆಡಿಸದು. ದಿನವೂ ಹಬ್ಬ ಮಾಡುವ ನಾಲಗೆ ಕೆಡಿಸುತ್ತದೆ. ಸದ್ಭಕ್ತರು ಇಂದಿನಿಂದಲೇ ಒಂದು ನಿಯಮ ಹಿಡಿಯಲಿ: ಚಹಾಕ್ಕೆ ಸಕ್ಕರೆಯನ್ನು ಬಂದವರನ್ನು ಕೇಳಿ ಹಾಕಲಿ, ಸಾಕೆಂದವರ ಎಲೆಗೆ ಮತ್ತೆ ಸಿಹಿ ಬಡಿಸದಿರಲಿ, ಮಕ್ಕಳ ಕೈಗೆ ಬಾಟಲಿಯ ಪಾನೀಯದ ಬದಲು ಮಜ್ಜಿಗೆ ಕೊಡಲಿ. ಮಠದಲ್ಲಿ ಓದಿ ಇಂದು ಶಾಲೆ, ಕಚೇರಿಗಳನ್ನು ನಡೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಅಲ್ಲಿಯೂ ಈ ನಿಯಮವನ್ನು ತರಲಿ. ಒಲ್ಲೆನೆಂದವರ ಮಾತನ್ನು ಮನ್ನಿಸುವುದೇ ನಿಜವಾದ ಆದರ.