ಪಾರುಪತ್ಯಗಾರನ ಕುರ್ಚಿಗೆ ನಮ್ಮ ಮಗಳು



ನಮ್ಮ ಶಿರೋಳದ ಸಭೆಯ ಕೂಲಿ ಮನೆತನದ ಹುಡುಗಿಯೊಬ್ಬಳು ಎಂ.ಎಸ್.ಡಬ್ಲ್ಯೂ. ಮುಗಿಸಿ ಆಸ್ಪತ್ರೆಯೊಂದರಲ್ಲಿ ಎಚ್.ಆರ್. ಅಧಿಕಾರಿಯಾಗಿ ಸೇರಿದ್ದಾಳೆ. ನೇಮಕ, ಹಾಜರಿ, ರಜೆ, ಸಂಬಳ, ಶಿಸ್ತುಕ್ರಮ ಎಲ್ಲವೂ ಆ ಮೇಜಿನ ಮೇಲೆ. ಸುದ್ದಿ ಕೇಳಿದ ಯೂನಿಯನ್ನಿನ ಹಿರಿಯರೊಬ್ಬರು, “ಹೋಯಿತು, ಮಾಲೀಕರ ಕಡೆ ಸೇರಿದಳು” ಎಂದರು. ಈ ಮಾತು ನನಗೆ ಸರಿಕಾಣಲಿಲ್ಲ.

ತೋಟದ ಜನರಿಗೆ ಈ ಕೆಲಸ ಹೊಸದಲ್ಲ. ಚೆಕ್‌ರೋಲ್ ಬರೆಯುವ ರೈಟರ್ ಒಂದು ಹಾಜರಿ ಬಿಟ್ಟರೆ ಮನೆಯಲ್ಲಿ ಒಂದು ಹೊತ್ತಿನ ಗಂಜಿ ಕಡಿಮೆ. 300 ಮಂದಿ ಕೆಲಸಗಾರರಿರುವ ತೋಟದಲ್ಲಿ ಕಲ್ಯಾಣಾಧಿಕಾರಿ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ವಿಧಿಸಿತ್ತು. ಸತ್ಯವೇದದ ದ್ರಾಕ್ಷೇತೋಟದ ಸಾಮ್ಯದಲ್ಲಿಯೂ ಸಂಜೆ ಕೂಲಿ ಕೊಟ್ಟವನು ಪಾರುಪತ್ಯಗಾರ. ಯಜಮಾನನ ಔದಾರ್ಯ ಕಡೆಯ ಕೂಲಿಯವನ ಕೈಗೆ ಮುಟ್ಟಿದ್ದು ಅವನಿಂದಲೇ. ಉಪದೇಶಿಯಾಗಿ ಆ ಸಾಮ್ಯವನ್ನು ಎಷ್ಟೋ ಸಲ ವಿವರಿಸಿದ್ದೇನೆ. ಅವನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಕೃಷ್ಣೆಯ ಆಚೆ ಮಿರಜಿನಲ್ಲಿ ಡಾಕ್ಟರ್ ವಾನ್ಲೆಸ್ 1894ರಲ್ಲಿ ತೆರೆದ ಮಿಷನ್ ಆಸ್ಪತ್ರೆಯನ್ನು ನಮ್ಮ ಕಡೆ ಅರಿಯದವರಿಲ್ಲ. ಯಾವ ಆಸ್ಪತ್ರೆಯಲ್ಲಾದರೂ ಡಾಕ್ಟರರ ಹೆಸರು ಉಳಿಯುತ್ತದೆ. ರಾತ್ರಿ ಪಾಳಿಯ ಆಯಾಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ. ಕಂಟ್ರಾಕ್ಟರನ ಕೈಕೆಳಗಿನವಳಾದರೆ ಅಲ್ಲಿಯೂ ಇಲ್ಲ.

ಮುಂಬಯಿಯ ಜೆ.ಜೆ. ಆಸ್ಪತ್ರೆ ಸಮೂಹದ ಇಬ್ಬರು ವಾರ್ಡ್ ಸೇವಕಿಯರನ್ನು ಪರಿಹಾರ ಕೊಡದೆ ಕೆಲಸದಿಂದ ಬಿಡಿಸಿದಾಗ ಹಾಸ್ಪಿಟಲ್ ಮಜ್ದೂರ್ ಸಭಾ ಹೋರಾಡಿತು. ಆಸ್ಪತ್ರೆಯೂ ಕೈಗಾರಿಕೆಯೇ, ಬಿಡಿಸಿದ್ದು ಅಸಿಂಧು ಎಂದು 1960ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 1970ರಲ್ಲಿ ಅದೇ ಕೋರ್ಟು ಬೇರೆ ಹೇಳಿತು. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಲಿಯ ಮೊಕದ್ದಮೆಯಲ್ಲಿ ಏಳು ನ್ಯಾಯಮೂರ್ತಿಗಳು ಮತ್ತೆ ಹಳೆಯ ದಾರಿಗೇ ಬಂದರು. ಆದರೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಧರ್ಮಾರ್ಥ ಸೇವೆಯ ಸಂಘಗಳು ನಡೆಸುವ ಸಂಸ್ಥೆಗಳನ್ನು ಕೈಗಾರಿಕೆ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 2025ರ ನವೆಂಬರಿನಲ್ಲಿ ಅದು ಜಾರಿಗೆ ಬಂತು. ನಮ್ಮ ಮಿಷನ್ ಆಸ್ಪತ್ರೆಗಳು ಈ ಮರೆಯಲ್ಲಿ ನಿಲ್ಲಬಾರದು ಎಂದು ಸಭೆಯವನಾಗಿಯೇ ಹೇಳುತ್ತೇನೆ. ಆಯಾಳ ಕೂಲಿ ತಡೆದು ರೋಗಿಗೆ ಮಾಡುವ ಉಪಕಾರ ಯಾರ ಲೆಕ್ಕದ್ದು?

ಕಾನೂನಿನ ಆಸರೆ ಸಡಿಲಾದ ಕಡೆ ಆ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಎಂಬುದು ಇನ್ನೂ ದೊಡ್ಡ ಮಾತು. ಹಾಜರಿ ತಪ್ಪಿದ ದಿನದ ಹಸಿವು ಕಂಡವಳು ಅಲ್ಲಿರಲಿ. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ತೋಟದ ಲೈನುಮನೆಗಳ ಮಕ್ಕಳೂ ಇಂಥ ಓದಿಗೆ ಹೋಗಲಿ. ಹಾಗೆಂದು ನಾನು ಮರುಳಾಗಿಲ್ಲ. ನಾಳೆ ನಮ್ಮವರೊಬ್ಬರ ಮೇಲಿನ ನೋಟೀಸಿಗೆ ಅವಳದೇ ಸಹಿ ಬೀಳಬಹುದು. ಆಗ ಮೇಜಿನ ಈಚೆ ಕೂತು ವಾದಿಸೋಣ, ಅದಕ್ಕೇ ಯೂನಿಯನ್ ಇರುವುದು. ಆದರೆ ಗುತ್ತಿಗೆ ಕಸಗುಡಿಸುವವರ ಪಿ.ಎಫ್., ಇ.ಎಸ್.ಐ. ಕಟ್ಟಿದೆಯೇ ಎಂದು ಕಂಟ್ರಾಕ್ಟರನನ್ನು ಅವಳು ಮೊದಲ ತಿಂಗಳೇ ಕೇಳಬೇಕು.

ಬರುವ ಭಾನುವಾರ ಯೂನಿಯನ್ ಕೂಟಕ್ಕೆ ಕರೆದಿದ್ದೇನೆ. “ಬರ್ತೀನ್ರಿ ಮಾಸ್ತರ್, ಆದರ ಸಂಬಳದ ಪಟ್ಟಿ ಮುಗೀಬೇಕು” ಎಂದಿದ್ದಾಳೆ. ಪಟ್ಟಿ ಮುಗಿಸಿಯೇ ಬರಲಿ, ಕಾಯುತ್ತೇವೆ.